ಮೊದಲ ಸರಕಿಗೆ ಬಣ್ಣದ ಲಿಪ್ ಬಾಮ್‌ನ್ನೇ ಏಕೆ ಆರಿಸಿದೆವು

ಹೊಸ ಬ್ರ್ಯಾಂಡ್ ಅಂದ ಕೂಡಲೇ ಎಲ್ಲರ ಕಣ್ಣು ಹೋಗುವುದು ಮ್ಯಾಟ್ ಲಿಕ್ವಿಡ್ ಲಿಪ್‌ಸ್ಟಿಕ್ ಮೇಲೆ. ಅದರ ಬುಡ ಐಸೋಡೊಡೆಕೇನ್: ಬೇಗ ಆವಿಯಾಗುವ, ಬೆಂಕಿ ಹಿಡಿಯುವ ದ್ರಾವಕ. ಅದನ್ನು ಇಡಲು ಬೇರೆಯೇ ವ್ಯವಸ್ಥೆ ಬೇಕು. ಮುಚ್ಚಳ ಕೂದಲೆಳೆಯಷ್ಟು ಸಡಿಲವಾದರೂ ಸರಕು ಬಾಟಲಿಯೊಳಗೇ ಒಣಗುತ್ತದೆ. ತುಟಿಗೆ ಹೊಳಪು ಕೊಡುವ ಲಿಪ್ ಗ್ಲಾಸ್ ಮಾಡುವುದು ಸುಲಭ, ಆದರೆ ದಾರಿಯಲ್ಲಿ ಸೋರುತ್ತದೆ. ಕಡ್ಡಿ ಲಿಪ್‌ಸ್ಟಿಕ್‌ನ ತೊಂದರೆ ಬಣ್ಣಗಳ ಸಂಖ್ಯೆ. ನಾಲ್ಕೇ ಬಣ್ಣ ಇಟ್ಟರೆ ಅಂಗಡಿ ಖಾಲಿ ಕಾಣುತ್ತದೆ. ಹನ್ನೆರಡು ಇಟ್ಟರೆ, ಬಣ್ಣಕ್ಕೆ 300ರಂತೆ, 3,600 ಕಡ್ಡಿಗಳ ದುಡ್ಡು ಕಪಾಟಿನಲ್ಲಿ ಕೂರುತ್ತದೆ. ಓಡುವುದು ಮೂರ್ನಾಲ್ಕು, ಉಳಿದವು ಅವಧಿ ಮುಗಿಯುವವರೆಗೆ ಅಲ್ಲೇ.

ಹಾಗಾಗಿ ತಿರುವುವ ಟ್ಯೂಬಿನಲ್ಲಿ ಬಾಮ್, ಒಂದು ಬಣ್ಣವಿಲ್ಲದ್ದು, ಒಂದು ಇಟ್ಟಿಗೆಗೆಂಪು. ಸೂತ್ರ ಒಂದೇ, ಟ್ಯೂಬೂ ಒಂದೇ.

ಬಣ್ಣದ ವಿಚಾರದಲ್ಲಿ ಒಂದು ಮಾತು. ನಮ್ಮಲ್ಲಿ ಬಹಳ ಜನರ ತುಟಿಯ ಅಂಚು ಕಂದು, ಒಳಭಾಗ ಗುಲಾಬಿ. ತಿಳಿಗುಲಾಬಿ ಬಾಮ್‌ಗಳಲ್ಲಿ ಸಾಮಾನ್ಯವಾಗಿ ಟೈಟಾನಿಯಂ ಡೈಆಕ್ಸೈಡ್ ಇರುತ್ತದೆ. ಆ ಬಿಳಿ, ಕಂದು ಅಂಚಿನ ಮೇಲೆ ಬೂದಿ ಬಳಿದಂತೆ ಕೂರುತ್ತದೆ. ಅದಕ್ಕೆ ಬಿಳಿಯನ್ನು ಪೂರ್ತಿ ಬಿಟ್ಟೆವು. ಸಿಐ 15850 (ಬಣ್ಣಗಳ ಪಟ್ಟಿಯಲ್ಲಿನ ಸಂಖ್ಯೆ) ಕೆಂಪು ಲೇಕ್, ಅಂದರೆ ಎಣ್ಣೆಯಲ್ಲಿ ಕರಗದ ಬಣ್ಣದ ಪುಡಿ, 1.2, ಕೆಂಪು ಐರನ್ ಆಕ್ಸೈಡ್ 1.0, ಕಪ್ಪು ಐರನ್ ಆಕ್ಸೈಡ್ 0.2. ನೂರು ಗ್ರಾಂ ಬಾಮ್‌ಗೆ ಒಟ್ಟು 2.4 ಗ್ರಾಂ ಬಣ್ಣ, ಅಷ್ಟೆ. ಕಾರ್ಮೈನ್ ಒಳ್ಳೆಯ ಕೆಂಪೇ, ಆದರೆ ಅದು ಹುಳುವಿನಿಂದ ತೆಗೆಯುವ ಬಣ್ಣ. ಸಸ್ಯಾಹಾರಿ ಮನೆಗಳಿಗೆ ಮಾರುವವರು ದೂರ ಇಡುವುದೇ ಲೇಸು.

ಉಳಿದ ಸೂತ್ರ ಹೀಗೆ, ಗ್ರಾಂ ಲೆಕ್ಕದಲ್ಲಿ: ಜೇನುಮೇಣ 16, ಕ್ಯಾಂಡೆಲಿಲ್ಲಾ ಮೇಣ 6, ಕಾರ್ನೌಬಾ ಮೇಣ 3 (ಎರಡೂ ಗಿಡದ ಮೇಣ), ಮುರುಗಲ (ಕೋಕಂ) ಬೀಜದ ತುಪ್ಪ 14, ಹರಳೆಣ್ಣೆ 34, ಎಂಸಿಟಿ ಎಂಬ ತೆಳು ಎಣ್ಣೆ 24, ವಿಟಮಿನ್ ಇ 0.4, ಪರಿಮಳ 0.2. ಬಣ್ಣವಿಲ್ಲದ ಬಾಮ್‌ನಲ್ಲಿ ಆ 2.4 ಗ್ರಾಂ ಜಾಗಕ್ಕೆ ಎಂಸಿಟಿ. ಅದಕ್ಕೆ ವೆನಿಲಾ ಪರಿಮಳ ಬೇಡ, ತಿಂಗಳು ಕಳೆದಂತೆ ಬಿಳಿ ಬಾಮ್ ಕಂದಾಗುತ್ತದೆ.

ತೆಂಗಿನೆಣ್ಣೆ ಏಕಿಲ್ಲ ಎಂದು ಕೇಳುವವರು ಬಹಳ. ಅದು ಸುಮಾರು 24 ಡಿಗ್ರಿಗೆ ಕರಗುತ್ತದೆ. ಡಿಸೆಂಬರಿನ ಬೆಂಗಳೂರಿನಲ್ಲಿ ಕಡ್ಡಿ ಗಟ್ಟಿ, ಏಪ್ರಿಲ್‌ನ ಮಂಗಳೂರಿನಲ್ಲಿ ಮೆತ್ತಗೆ. ಒಂದೇ ಬಾಮ್ ಊರಿಗೊಂದು ಥರ ಆಗಬಾರದು. ಶಿಯಾ ಬೆಣ್ಣೆ ನಿಧಾನವಾಗಿ ತಣಿದರೆ ರವೆಯಂತೆ ಕಾಳುಕಟ್ಟುತ್ತದೆ, ತುಟಿಗೆ ಹಚ್ಚಿದರೆ ಮರಳು ತಾಗಿದ ಹಾಗೆ. ಮುರುಗಲ ತುಪ್ಪ ಕರಗುವುದು 38ರಿಂದ 42 ಡಿಗ್ರಿಗೆ. ಕೈಯಲ್ಲಿ ಗಟ್ಟಿ, ತುಟಿಯ ಮೇಲೆ ಉಜ್ಜಿದರೆ ಜಾರುತ್ತದೆ. ಉತ್ತರ ಕನ್ನಡದ ಮನೆಗಳಲ್ಲಿ ಒಡೆದ ಹಿಮ್ಮಡಿಗೂ ತುಟಿಗೂ ಹಚ್ಚುತ್ತಿದ್ದದ್ದು ಇದನ್ನೇ. ಆದರೆ ಬೀಜ ಕುಟ್ಟಿ, ನೀರಿನಲ್ಲಿ ಕುದಿಸಿ, ಮೇಲೆ ತೇಲಿದ್ದನ್ನು ತೆಗೆದು ಉಂಡೆ ಕಟ್ಟಿದ ತುಪ್ಪವನ್ನು ನೇರ ಬ್ಯಾಚಿಗೆ ಹಾಕಬೇಡಿ. ಅದರಲ್ಲಿ ನೀರಿನ ಅಂಶ ಉಳಿದಿರುತ್ತದೆ. ಮೇಣ ಕರಗುವಾಗ ಪಟಪಟ ಸಿಡಿದರೆ ನೀರಿದೆ ಎಂದೇ ಅರ್ಥ, ಬೂಷ್ಟಿಗೆ ಅಷ್ಟು ಸಾಕು. ವಾಸನೆಯೂ ಬಿಡುವುದಿಲ್ಲ. ರಿಫೈನ್ಡ್ ತುಪ್ಪವನ್ನೇ, ಬ್ಯಾಚಿನ ಪರೀಕ್ಷಾ ವರದಿಯೊಂದಿಗೆ ಕೊಳ್ಳಿ.

ಕೆಲಸ ಕೆಡುವುದು ಹೆಚ್ಚಾಗಿ ಬಣ್ಣ ಅರೆಯುವಲ್ಲಿ. ಪುಡಿಯನ್ನು ಕರಗಿದ ಮೇಣಕ್ಕೆ ಸುರಿದು ಎಷ್ಟು ಕಲಕಿದರೂ ಗಂಟು ಒಡೆಯುವುದಿಲ್ಲ. ಒಂದು ಪಾಲು ಬಣ್ಣಕ್ಕೆ ಎರಡು ಪಾಲು ಹರಳೆಣ್ಣೆ ಸೇರಿಸಿ, ಈ ಎಣ್ಣೆ ಮೇಲಿನ 34ರೊಳಗಿನದೇ, ಮೂರು ಉರುಳೆಯ ಗಿರಣಿಯಲ್ಲಿ ಎರಡು ಮೂರು ಸಲ ಅರೆಯಬೇಕು. ಪ್ರಯೋಗದ ಬ್ಯಾಚಿಗೆ ಗಾಜಿನ ಹಲಗೆ, ಗಾಜಿನ ಗುಂಡು ಸಾಕು, ತೋಳು ನೋಯುತ್ತದೆ. ಆಯಿತೋ ಇಲ್ಲವೋ ನೋಡಲು ಒಂದು ಹನಿಯನ್ನು ಬಿಳಿ ಕಾಗದದ ಮೇಲೆ ಬೆರಳಿನಿಂದ ಎಳೆಯಿರಿ. ಗೆರೆಯ ಬಾಲದಲ್ಲಿ ಕೆಂಪು ಚುಕ್ಕಿ ಕಂಡರೆ ಇನ್ನೊಮ್ಮೆ ಅರೆಯಿರಿ. ಆ ಚುಕ್ಕಿಯೇ ನಾಳೆ ತುಟಿಯ ಮೇಲೆ ಗೀಟಾಗುತ್ತದೆ.

ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಸ್ಟೀಲ್ ಪಾತ್ರೆ ಇಟ್ಟು ಮೊದಲು ಮೇಣಗಳು, ಎಂಸಿಟಿ, ಉಳಿದ ಹರಳೆಣ್ಣೆ. ಕಾರ್ನೌಬಾ ಕರಗಲು 86 ಡಿಗ್ರಿವರೆಗೆ ಏರಿಸಬೇಕು. ಪೂರ್ತಿ ತಿಳಿಯಾದ ಮೇಲೆ 75ಕ್ಕೆ ಇಳಿಸಿ ತುಪ್ಪ, ಬಣ್ಣದ ಮುದ್ದೆ. ಕೊನೆಗೆ ವಿಟಮಿನ್ ಇ, ಪರಿಮಳ. ಗಾಳಿಗುಳ್ಳೆ ಬಾರದ ಹಾಗೆ ನಿಧಾನಕ್ಕೆ ಕಲಕಿ. 70ರ ಆಸುಪಾಸಿನಲ್ಲಿ ಸುರಿಯಿರಿ. ಐರನ್ ಆಕ್ಸೈಡ್ ಭಾರದ ಪುಡಿ. ಸುರಿಯುವಾಗ ಕಲಕುವುದು ನಿಂತರೆ ಮೊದಲ ಟ್ಯೂಬುಗಳು ತಿಳಿ, ಕೊನೆಯವು ಗಾಢ. ಟ್ಯೂಬಿನ ನಡುವೆ ಕುಳಿ ಬಿದ್ದರೆ ಹೊರಗಿನ ಪದರ ಮೊದಲು ಗಟ್ಟಿಯಾಗಿದೆ ಎಂದರ್ಥ. ಟ್ಯೂಬನ್ನು ಸ್ವಲ್ಪ ಬೆಚ್ಚಗೆ ಮಾಡಿಟ್ಟು, ಎರಡು ಬಾರಿಗೆ ತುಂಬಿಸಿದರೆ ಸರಿಹೋಗುತ್ತದೆ. 500 ಗ್ರಾಂ ಬ್ಯಾಚಿನಿಂದ 4.5 ಗ್ರಾಮಿನ 111 ಟ್ಯೂಬ್ ಬರಬೇಕು. ಪಾತ್ರೆಗೆ ಅಂಟಿದ್ದು ಕಳೆದರೆ ನೂರು ಬಂದರೆ ಚೆನ್ನಾಗಿ ಬಂತು ಅನ್ನಿ.

ಆಮೇಲೆ ಕಾಯುವ ಕೆಲಸ. 12 ಕಡ್ಡಿ 45 ಡಿಗ್ರಿಯ ಓವನ್‌ನಲ್ಲಿ ಮೂರು ತಿಂಗಳು, 12 ಕೋಣೆಯ ಬಿಸಿಯಲ್ಲಿ. ಇನ್ನೂ ಆರು ಕಡ್ಡಿಗಳಿಗೆ ಒಂದು ದಿನ ಓವನ್, ಒಂದು ದಿನ ಫ್ರಿಜ್, ಹೀಗೆ ಐದು ಸುತ್ತು. ಕಡ್ಡಿಯ ತುದಿಯಲ್ಲಿ ಎಣ್ಣೆಯ ಸಣ್ಣ ಮಣಿಗಳು ಮೂಡಿದರೆ ಅದು ಬೆವರು, ಮೇಣ ಎಣ್ಣೆಯನ್ನು ಹಿಡಿದಿಟ್ಟುಕೊಂಡಿಲ್ಲ. ಹರಳೆಣ್ಣೆ ನಾಲ್ಕು ಕಡಿಮೆ ಮಾಡಿ ಕ್ಯಾಂಡೆಲಿಲ್ಲಾ ಎರಡು, ಎಂಸಿಟಿ ಎರಡು ಏರಿಸಿ ಮತ್ತೆ ಮೊದಲಿಂದ. ಹಳೇ ಎಣ್ಣೆಯ ಕಮಟು ವಾಸನೆ ಬಂದರೆ ಎಣ್ಣೆ ಸರಬರಾಜುದಾರರನ್ನು ಬದಲಿಸಿ. ವಿಟಮಿನ್ ಇ ಹೆಚ್ಚಿಸಿದರೆ ಕೆಟ್ಟ ಎಣ್ಣೆ ಒಳ್ಳೆಯದಾಗುವುದಿಲ್ಲ.

ಕಾನೂನಿನ ಮಾತು. ಅಡುಗೆಮನೆಯಲ್ಲಿ ಮಾಡಿ ಮಾರುವ ಹಾಗಿಲ್ಲ. ಕಾಸ್ಮೆಟಿಕ್ಸ್ ರೂಲ್ಸ್, 2020ರ ಪ್ರಕಾರ ತಯಾರಿಕೆಗೆ ರಾಜ್ಯದ ಪರವಾನಗಿ ಬೇಕು. ಸ್ವಂತ ಕಾರ್ಖಾನೆ ಇಲ್ಲದವರಿಗೆ ಲೋನ್ ಲೈಸೆನ್ಸ್ ಇದೆ, ಪರವಾನಗಿ ಇರುವ ಇನ್ನೊಬ್ಬರ ಕಾರ್ಖಾನೆಯಲ್ಲಿ ನಮ್ಮ ಸೂತ್ರದ ಸರಕು ಮಾಡಿಸಬಹುದು. ಬಣ್ಣ ಭಾರತೀಯ ಮಾನಕ ಐಎಸ್ 4707ರ ಪಟ್ಟಿಯಲ್ಲಿರಬೇಕು. ಬಣ್ಣದಲ್ಲಿ ಸೀಸ 20 ಪಿಪಿಎಂ (ಹತ್ತು ಲಕ್ಷ ಪಾಲಿಗೆ 20 ಪಾಲು), ಆರ್ಸೆನಿಕ್ 2 ಪಿಪಿಎಂ ದಾಟಬಾರದು. ತುಟಿಗೆ ಹಚ್ಚಿದ್ದು ಸ್ವಲ್ಪ ಹೊಟ್ಟೆಗೂ ಹೋಗುವುದರಿಂದ ಇದರ ಪರೀಕ್ಷಾ ವರದಿ ಕೈಯಲ್ಲಿಲ್ಲದೆ ಬಣ್ಣದ ಚೀಲ ಬಿಚ್ಚಬೇಡಿ. ಎಸ್‌ಪಿಎಫ್ (ಬಿಸಿಲಿನಿಂದ ರಕ್ಷಣೆಯ ಅಳತೆ) ಎಂದು ಲೇಬಲ್ ಮೇಲೆ ಬರೆಯುವ ಆಸೆ ಮೊದಲ ಸರಕಿನಲ್ಲಿ ಬೇಡ, ಅದರ ಪರೀಕ್ಷೆಯ ಖರ್ಚೇ ಬೇರೆ.

ಕೊನೆಯ ಪರೀಕ್ಷೆ ಕೊರಿಯರ್. ಏಪ್ರಿಲ್ ಕೊನೆಗೆ ಕಲಬುರಗಿ, ರಾಯಚೂರಿನ ಪರಿಚಯದವರಿಗೆ ಐದೈದು ಟ್ಯೂಬ್ ಮಾಮೂಲಿ ಡಬ್ಬಿಯಲ್ಲೇ ಕಳಿಸಿ, ಬಂದ ದಿನವೇ ಮುಚ್ಚಳ ತೆಗೆದು ಫೋಟೊ ಹಾಕಲು ಹೇಳಿ. ನೆರಳಿನಲ್ಲೇ 40 ದಾಟುವ ಊರು, ಮುಚ್ಚಿದ ವ್ಯಾನಿನೊಳಗೆ ಇನ್ನೂ ಹೆಚ್ಚು. ಕಡ್ಡಿ ಬಾಗಿ ಮುಚ್ಚಳಕ್ಕೆ ಅಂಟಿದ್ದರೆ ಕಾರ್ನೌಬಾ ಒಂದು ಏರಿಸಿ, ಎಂಸಿಟಿ ಒಂದು ಇಳಿಸಿ. ಕಾರ್ನೌಬಾ ಐದರ ಮೇಲೆ ಹೋದರೆ ಕಡ್ಡಿ ಒಣಗಿದಂತಾಗಿ ತುಟಿಯನ್ನು ಎಳೆಯುತ್ತದೆ, ಅಲ್ಲಿಗೆ ನಿಲ್ಲಿಸಿ.