ಕೊಡುವ ಬಟ್ಟೆ, ಇಡುವ ಬಟ್ಟೆ

ಚಳಿ ಕಳೆದು ಬಿಸಿಲು ಹದವಾಗಿರುವ ವಸಂತದ ದಿನಗಳೇ ಬಟ್ಟೆ ಬೀರು ಹಸನು ಮಾಡಲು ತಕ್ಕ ಕಾಲ. ಸ್ವೆಟರು, ಶಾಲು, ದಪ್ಪ ಕೋಟುಗಳನ್ನು ಹೇಗಿದ್ದರೂ ಒಳಗಿಡಬೇಕು, ತೆಳು ಬಟ್ಟೆಗಳನ್ನು ಹೊರಗೆ ತೆಗೆಯಬೇಕು. ಆದರೆ ಇಡೀ ಬೀರನ್ನು ಒಂದೇ ಸಲ ಮಂಚದ ಮೇಲೆ ಸುರಿದುಕೊಳ್ಳಬೇಡಿ. ಮಧ್ಯಾಹ್ನಕ್ಕೆ ಸೊಂಟ ಸೋಲುತ್ತದೆ, ರಾತ್ರಿ ಮಲಗಲು ಮಂಚ ಬೇಕಾಗುತ್ತದೆ, ತೆಗೆದದ್ದೆಲ್ಲ ಮೊದಲಿದ್ದಂತೆಯೇ ಒಳಗೆ ಹೋಗುತ್ತದೆ. ದಿನಕ್ಕೊಂದು ಖಾನೆ ಸಾಕು.

ಕೆಲಸ ಹಗಲು ಬೆಳಕಿನಲ್ಲಿ, ಕಿಟಕಿಯ ಹತ್ತಿರ ಆಗಲಿ. ದೀಪದ ಬೆಳಕಿನಲ್ಲಿ ಕಾಣದ ಕಾಲರಿನ ಕರೆ, ಕಂಕುಳಿನ ಹಳದಿ ಅಲ್ಲಿ ಕಣ್ಣಿಗೆ ಬೀಳುತ್ತವೆ. ಮೊಣಕೈ, ತೊಡೆಯ ಒಳಭಾಗ, ಕೂರುವ ಭಾಗವನ್ನು ಬೆಳಕಿಗೆ ಹಿಡಿದು ನೋಡಿ. ಎಳೆಗಳ ನಡುವೆ ಬೆಳಕು ಜರಡಿಯಾಡುತ್ತಿದ್ದರೆ ಆ ಬಟ್ಟೆ ಇನ್ನು ನಾಲ್ಕು ಒಗೆತಕ್ಕೂ ಬಾಳುವುದಿಲ್ಲ. ಎಲಾಸ್ಟಿಕ್ಕನ್ನು ಎಳೆದು ಬಿಡಿ, ಜಿಪ್ಪನ್ನು ಮೇಲೆ ಕೆಳಗೆ ಎಳೆಯಿರಿ, ಜೇಬಿನೊಳಗೆ ಕೈ ಹಾಕಿ. ಅನುಮಾನ ಇದ್ದದ್ದನ್ನು ತೊಟ್ಟು ನೋಡಬೇಕು. ಕೈಯಲ್ಲಿ ಹಿಡಿದು ‘ಆಗುತ್ತೆ ಬಿಡು’ ಅನ್ನುವುದು ಬೇರೆ, ತೊಟ್ಟು ಕೂತು, ಬಗ್ಗಿ, ಕೈ ಎತ್ತಿ ನೋಡುವುದು ಬೇರೆ. ‘ಮೈ ಇಳಿದ ಮೇಲೆ ಹಾಕ್ಕೊಳ್ತೀನಿ’ ಎಂದು ಎತ್ತಿಟ್ಟದ್ದರಲ್ಲಿ ತುಂಬ ಇಷ್ಟವಾದದ್ದು ಒಂದಿರಲಿ, ಉಳಿದವನ್ನು ಬಿಟ್ಟುಕೊಡಿ.

ಆದರೂ ನಿರ್ಧಾರಕ್ಕೆ ಬರಲಾಗದಿದ್ದರೆ ಹ್ಯಾಂಗರುಗಳನ್ನೆಲ್ಲ ಕೊಕ್ಕೆ ಹಿಂದುಮುಂದಾಗುವಂತೆ ತೂಗುಹಾಕಿ. ತೊಟ್ಟು, ಒಗೆದು ಮತ್ತೆ ಇಡುವಾಗ ಮಾತ್ರ ಸರಿಯಾದ ಕಡೆಗೆ ತಿರುಗಿಸಿ. ಮುಂದಿನ ವಸಂತದವರೆಗೂ ತಿರುಗದ ಕೊಕ್ಕೆಯ ಬಟ್ಟೆಯ ಬಗ್ಗೆ ಮತ್ತೆ ಯೋಚಿಸಬೇಕಾಗಿಲ್ಲ.

ಮನೆಯವರ ಬಟ್ಟೆಯನ್ನು ಅವರನ್ನು ಕೇಳದೆ ಮುಟ್ಟಬೇಡಿ, ಅದು ಮಗುವಿನದ್ದಾದರೂ ಸರಿ. ಮಾಸಿದ ಒಂದು ಅಂಗಿಗೆ ಆ ಮಗು ಎಷ್ಟು ಅಂಟಿಕೊಂಡಿದೆಯೋ ನಮಗೇನು ಗೊತ್ತು? ತೀರಿಕೊಂಡವರ ಬಟ್ಟೆಗಳ ವಿಷಯದಲ್ಲಂತೂ ಅವಸರ ಸಲ್ಲದು. ‘ಇನ್ನೂ ಯಾಕೆ ಇಟ್ಕೊಂಡಿದ್ದೀರಿ’ ಎಂದು ಹೇಳುವವರು ಇದ್ದೇ ಇರುತ್ತಾರೆ. ಅವರ ಮಾತಿಗೆ ಬೀರು ತೆರೆಯಬೇಡಿ. ಮನಸ್ಸು ಒಪ್ಪಿದ ದಿನ ತೆರೆದು, ಒಂದೆರಡನ್ನು ನಿಮಗೆಂದು ಇಟ್ಟುಕೊಂಡು, ಉಳಿದದ್ದನ್ನು ಕೊಡಿ.

ಕೊಡುವ ಬಟ್ಟೆಯ ವಿಷಯದಲ್ಲಿ ನಾನು ತುಂಬ ಕಟ್ಟುನಿಟ್ಟು. ಹರಿದದ್ದು, ಗುಂಡಿ ಹೋದದ್ದು, ಬೆವರು ನಾತ ಬಿಡದ್ದು ದಾನವಲ್ಲ. ನಮ್ಮ ಮನೆಯ ಕಸವನ್ನು ಇನ್ನೊಬ್ಬರ ಬಾಗಿಲಿಗೆ ಸಾಗಿಸುವುದು. ತೆಗೆದುಕೊಳ್ಳುವವರು ಅದನ್ನು ಆರಿಸಿ, ಬೇರ್ಪಡಿಸಿ, ಎಸೆಯುವುದಕ್ಕೂ ದುಡಿಯಬೇಕಾಗುತ್ತದೆ. ಒಗೆದು, ಪೂರ್ತಿ ಒಣಗಿಸಿ, ಬಿಟ್ಟ ಹೊಲಿಗೆ ಹಾಕಿ, ಗುಂಡಿ ಹಚ್ಚಿ, ಮಡಿಸಿ ಕೊಡಿ. ಜೋಡಿ ಬಟ್ಟೆಗಳನ್ನು ಪಿನ್ನು ಹಾಕಿ ಸೇರಿಸಿ, ಶೂಗಳನ್ನು ಲೇಸಿನಿಂದ ಒಂದಕ್ಕೊಂದು ಕಟ್ಟಿ. ಸಮವಸ್ತ್ರದ ಮೇಲಿನ ಬ್ಯಾಡ್ಜು, ಹೆಸರಿನ ಪಟ್ಟಿಯನ್ನು ಬಿಚ್ಚಿಬಿಡಿ. ಮಕ್ಕಳ ಬಟ್ಟೆಯ ಕಟ್ಟಿನ ಮೇಲೆ ಯಾವ ವಯಸ್ಸಿಗೆ ಎಂದು ಚೀಟಿ ಅಂಟಿಸಿದರೆ ಹಂಚುವವರಿಗೆ ಅರ್ಧ ಕೆಲಸ ತಪ್ಪುತ್ತದೆ. ಉಪಯೋಗಿಸಿದ ಒಳಉಡುಪು ಕೊಡಬಾರದು. ಕೊಡುವ ಮನಸ್ಸಿದ್ದರೆ ಹೊಸದನ್ನೇ ಕೊಡಿ.

ಹಸುಗೂಸಿನ ಬಟ್ಟೆ ಕೊಡುವವರು ಇದನ್ನು ಮರೆಯಲೇಬಾರದು. ನ್ಯಾಫ್ತಲೀನ್ ಇರುವ ನುಸಿ ಗುಳಿಗೆಗಳ ಜೊತೆ ಇಟ್ಟಿದ್ದ ಬಟ್ಟೆ, ಕಂಬಳಿಯನ್ನು ಹಾಗೇ ಮಗುವಿಗೆ ತೊಡಿಸಬಾರದು, ಹೊದಿಸಲೂಬಾರದು. ಜಿ6ಪಿಡಿ ಎಂಬ ಕಿಣ್ವದ ಕೊರತೆ ಇರುವ ಮಕ್ಕಳಲ್ಲಿ ಅದರ ಆವಿಯಿಂದ ಕೆಂಪು ರಕ್ತಕಣಗಳು ಒಡೆದು, ರಕ್ತಹೀನತೆ, ಕಾಮಾಲೆ ಬರಬಹುದು. ಕೊರತೆ ಇದೆಯೆಂದು ಎಷ್ಟೋ ಮನೆಗಳಲ್ಲಿ ಗೊತ್ತೇ ಇರುವುದಿಲ್ಲ. ಆದ್ದರಿಂದ ಕೂಸಿನ ಬಟ್ಟೆಗಳ ಹತ್ತಿರ ಆ ಗುಳಿಗೆಗಳೇ ಬೇಡ.

ಉಣ್ಣೆ, ರೇಷ್ಮೆಯನ್ನು ತಿನ್ನುವುದು ಹಾರುವ ನುಸಿಯಲ್ಲ, ಅದರ ಮರಿಹುಳು. ಬೆವರು, ಜಿಡ್ಡು, ಊಟದ ಕಲೆ ಇದ್ದ ಕಡೆಗೇ ಅದು ಮೊದಲು ಬಾಯಿ ಹಾಕುತ್ತದೆ. ಹಾಗಾಗಿ ಒಂದೇ ಸಲ ತೊಟ್ಟ ಸ್ವೆಟರನ್ನೂ ಒಗೆಯದೆ ಒಳಗಿಡಬೇಡಿ. ಹೆಣೆದ ಉಣ್ಣೆಯನ್ನು ಮಡಿಸಿಡಿ. ಹ್ಯಾಂಗರಿಗೆ ಹಾಕಿದರೆ ಭುಜ ಜೋಲುತ್ತದೆ. ಹುಳು ಹತ್ತಿದೆ ಅನ್ನಿಸಿದ ಒಣ ಬಟ್ಟೆಯನ್ನು ಗಾಳಿಯಾಡದ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಮೈನಸ್ 18 ಡಿಗ್ರಿಯ ಫ್ರೀಜರಿನಲ್ಲಿ 2 ವಾರ ಇಟ್ಟರೆ ಹುಳು, ಮೊಟ್ಟೆ ಎರಡೂ ಸಾಯುತ್ತವೆ. ಹೊರತೆಗೆದ ಮೇಲೆ ತಣ್ಣಗಿನದು ಪೂರ್ತಿ ಹೋಗುವವರೆಗೆ ಚೀಲ ಬಿಚ್ಚಬೇಡಿ, ಇಲ್ಲದಿದ್ದರೆ ಬಟ್ಟೆ ತೇವ ಹಿಡಿಯುತ್ತದೆ. ಖಾಲಿಯಾದ ಖಾನೆಯ ಮೂಲೆಗಳನ್ನೂ ಒರೆಸಿ, ಒಣಗಿದ ಮೇಲೆ ಜೋಡಿಸಿ.

ಕೊಡಲಾಗದ ಹತ್ತಿ ಬಟ್ಟೆಯನ್ನು ಒರೆಸುವುದಕ್ಕೆ ಕತ್ತರಿಸಿಟ್ಟುಕೊಳ್ಳಿ. ಪಾಲಿಯೆಸ್ಟರ್ ನೀರು ಹೀರುವುದಿಲ್ಲ, ಆ ಕೆಲಸಕ್ಕೆ ಬರುವುದಿಲ್ಲ.

ಸಂಸ್ಥೆಗೆ ಕೊಡುವುದಾದರೆ ಏನು ಬೇಕೆಂದು ಮೊದಲು ಕೇಳಿ. ವಸಂತದಲ್ಲಿ ಬೆಚ್ಚಗಿನ ಬಟ್ಟೆ ಒಯ್ದರೆ ಚಳಿಗಾಲದವರೆಗೆ ಇಡಲು ಅವರಲ್ಲಿ ಜಾಗ ಇರಲಿಕ್ಕಿಲ್ಲ. ಅಂಥದ್ದನ್ನು ಒಗೆದು ಬೇರೆ ಚೀಲದಲ್ಲಿಟ್ಟು, ಕೊಡುವ ತಿಂಗಳನ್ನು ಬರೆದಿಡಿ. ಪರಿಚಯದವರಿಗೇ ಕೊಡುವುದಾದರೆ ನಾಲ್ಕು ಜನರ ಎದುರು ಕೇಳಬೇಡಿ. ಒಬ್ಬರೇ ಇದ್ದಾಗ, ‘ಇದು ನಿಮಗೆ ಒಪ್ಪುತ್ತೆ ಅನ್ನಿಸ್ತು, ನೋಡಿ, ಬೇಡ ಅಂದ್ರೂ ಪರವಾಗಿಲ್ಲ’ ಎಂದು ಹೇಳಿ. ಕೊಟ್ಟ ಮೇಲೆ ‘ಹಾಕ್ಕೊಂಡ್ರಾ’ ಎಂದು ವಿಚಾರಿಸಬೇಡಿ. ಅವರು ಅದನ್ನು ತೊಡಲಿ, ಕತ್ತರಿಸಿ ಬೇರೇನೋ ಹೊಲಿಯಲಿ, ಇನ್ನೊಬ್ಬರಿಗೆ ದಾಟಿಸಲಿ, ಅದು ಅವರ ಬಟ್ಟೆ.