ರಾಜಶಬ್ದ ಕಲಿತ ಬಗೆ

2016ರ ಅಕ್ಟೋಬರ್ 13ರ ಸಂಜೆ. ಬ್ಯಾಂಕಾಕಿನ ನಮ್ಮ ಓಣಿಯ ಊಟದ ಅಂಗಡಿಯಲ್ಲಿ ಎಲ್ಲರೂ ಟಿವಿಯ ಮುಂದೆ ಎದ್ದು ನಿಂತಿದ್ದರು. ಅಂಗಡಿಯಾಕೆ ಬಿಕ್ಕಿ ಬಿಕ್ಕಿ ಅಳುತ್ತಿದ್ದರು. ಸಂತೆ, ಕಚೇರಿ, ಬಾಡಿಗೆ ಮಾತುಕತೆಗಳನ್ನೆಲ್ಲ ಥಾಯ್ ಭಾಷೆಯಲ್ಲೇ ನಿಭಾಯಿಸುತ್ತಿದ್ದ ನನಗೆ ಆ ಪ್ರಕಟಣೆಯ ಒಂದು ವಾಕ್ಯವೂ ಪೂರ್ತಿ ತಿಳಿಯಲಿಲ್ಲ. ಕಿವಿಯಲ್ಲಿ ಉಳಿದದ್ದು ‘ಸವನ್‌ಖೊತ್’ ಎಂಬ ಪದ ಮಾತ್ರ. ಮನೆಗೆ ಬಂದು ನಿಘಂಟು ತೆರೆದು ಅಕ್ಷರ ಕೂಡಿಸಿ ಓದಿದೆ: ಸ್ವರ್ಗತ. ಸ್ವರ್ಗಕ್ಕೆ ಸಂದವರು. ತೀರಿಕೊಂಡ ದೊರೆಯ ಹೆಸರನ್ನು ಥಾಯ್ ಜನ ‘ಫೂಮಿಫೊನ್’ ಎನ್ನುತ್ತಾರೆ. ಬರೆಯುವುದು ಭೂಮಿಬಲ ಎಂದೇ.

ರಾಜಮನೆತನದ ವಿಷಯದಲ್ಲಿ ಬಳಸುವ ಈ ಭಾಷೆಗೆ ‘ರಾಚಾಸಪ್’ ಎಂದು ಹೆಸರು, ಅಂದರೆ ರಾಜಶಬ್ದ. ಮರುವಾರದಿಂದಲೇ ರಾತ್ರಿ ಎಂಟರ ಸುಮಾರಿಗೆ ಬರುವ ಅರಮನೆಯ ವಾರ್ತೆಯ ಮುಂದೆ ನೋಟ್‌ಪುಸ್ತಕ ಹಿಡಿದು ಕೂರತೊಡಗಿದೆ. ಒಂದು ಕಡೆ ಕೇಳಿಸಿದ ಸದ್ದು, ಪಕ್ಕದಲ್ಲಿ ಥಾಯ್ ಬರಹ, ಅದರ ಮುಂದೆ ಸಂಸ್ಕೃತ ಇಲ್ಲವೆ ಪಾಲಿ ಮೂಲ. ನಾಲಗೆ ಬಿಟ್ಟುಕೊಟ್ಟದ್ದನ್ನು ಥಾಯ್ ಲಿಪಿ ಜತನವಾಗಿ ಇಟ್ಟುಕೊಂಡಿದೆ. ಹಸ್ತ ‘ಹತ್’ ಆಗಿದೆ, ಕರ್ಣ ‘ಕನ್’, ದಂತ ‘ಥೊನ್’, ನೇತ್ರ ‘ನೇತ್’. ಇವುಗಳ ಮೊದಲಿಗೆ ‘ಫ್ರ’ ಸೇರಿಸಿದರೆ ಅವು ದೊರೆಯ ಕೈ, ಕಿವಿ, ಹಲ್ಲು, ಕಣ್ಣು. ರಾಣಿ ‘ಮಹೇಸೀ’, ಪಟ್ಟಮಹಿಷಿ ಎಂಬ ಮಾತನ್ನು ಬಲ್ಲವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಕನ್ನಡದವಳಾದ ನನಗೆ ಮೈಯ ಅಂಗಾಂಗಗಳೆಲ್ಲ ಒಂದೇ ವಾರದಲ್ಲಿ ಬಂದುಬಿಟ್ಟವು.

ಕಷ್ಟವಾದದ್ದು ಕ್ರಿಯಾಪದ. ಉಣ್ಣುವುದಕ್ಕೆ ‘ಸವೊಯ್’, ಮಲಗುವುದಕ್ಕೆ ‘ಬನ್‌ಥೊಮ್’, ಹೋಗಿಬರುವುದಕ್ಕೆ ‘ಸದೆತ್’. ಇವು ಕಾಂಬೋಡಿಯದ ಭಾಷೆಯಾದ ಖ್ಮೇರ್‌ನ ಪದಗಳು, ಅಂಗ್ಕೋರ್ ಆಸ್ಥಾನದ ಸಂಪ್ರದಾಯದ ಬಳುವಳಿ. ಇಲ್ಲಿ ಸಂಸ್ಕೃತ ಕೈಕೊಡುತ್ತದೆ. ಸಾಮಾನ್ಯ ಪದವನ್ನು ರಾಜಪದವಾಗಿಸಲು ಹಿಂದೆ ‘ಸೊಂಗ್’ ಹಚ್ಚುತ್ತಾರೆ: ‘ಮಾ’ ಎಂದರೆ ಕುದುರೆ, ‘ಸೊಂಗ್ ಮಾ’ ಎಂದರೆ ಕುದುರೆ ಸವಾರಿ ಮಾಡಿದರು. ಈ ಸೂತ್ರ ಸಿಕ್ಕ ಹುರುಪಿನಲ್ಲಿ ನಾನು ತರಗತಿಯಲ್ಲಿ ‘ಸೊಂಗ್ ಸವೊಯ್’ ಎಂದು ಬರೆದೆ. ಗುರುಗಳು ಆ ‘ಸೊಂಗ್’ ಒಂದನ್ನೇ ಹೊಡೆದುಹಾಕಿ ಹಾಳೆ ಹಿಂತಿರುಗಿಸಿದರು. ಸವೊಯ್ ತಾನೇ ರಾಜಪದ, ಅದಕ್ಕೆ ಇನ್ನೊಂದು ಗೌರವ ಹೊರಿಸುವಂತಿಲ್ಲ. ‘ಇರು’, ‘ಆಗು’ ಎಂಬ ಅರ್ಥದ ಕ್ರಿಯಾಪದಗಳ ನಂತರ ರಾಜನಾಮಪದ ಬಂದರೂ ಹಾಗೆಯೇ, ಸೊಂಗ್ ಬೇಡ. ಥಾಯ್ ಜನರೇ ಇಲ್ಲಿ ಎಡವುತ್ತಾರೆ.

ನನಗೆ ತುಂಬ ಹಿಡಿಸಿದ್ದು ‘ಅರ್ಪಿಸು’ ಎಂಬ ಒಂದು ಮಾತಿನ ಪಾಠ. ದೊರೆಗೆ ಒಪ್ಪಿಸುವ ವಸ್ತು ಕೈಯಲ್ಲಿ ಎತ್ತುವಷ್ಟು ಚಿಕ್ಕದಿದ್ದರೆ ‘ಥೂನ್‌ಕ್ಲಾವ್ ಥವಾಯ್’: ತಲೆಯ ಮೇಲಿರಿಸಿ ಅರ್ಪಿಸುವುದು. ಕಟ್ಟಡದಂಥ ಎತ್ತಲಾಗದ ವಸ್ತುವಾದರೆ ‘ನೋಮ್‌ಕ್ಲಾವ್ ಥವಾಯ್’: ತಲೆಬಾಗಿ ಅರ್ಪಿಸುವುದು. ಹೂವಿನ ತಟ್ಟೆಗೆ ಮೊದಲನೆಯದು, ಆಸ್ಪತ್ರೆಗೆ ಎರಡನೆಯದು. ಪದ ಆರಿಸುವ ಮೊದಲು ವಸ್ತುವಿನ ಭಾರವನ್ನು ಮನಸ್ಸಿನಲ್ಲಿ ತೂಗಿನೋಡಬೇಕು! ನಿಷ್ಠೆಯನ್ನಂತೂ ಅರ್ಪಿಸುವಂತೆಯೇ ಇಲ್ಲ ಎನ್ನುತ್ತಾರೆ ಬಲ್ಲವರು. ‘ಫಕ್ದೀ’, ಅಂದರೆ ಭಕ್ತಿ, ಒಳಗೆ ಇರುವಂಥದು, ಕೈಯಿಂದ ಕೈಗೆ ಕೊಡುವಂಥದಲ್ಲ. ಆ ದಿನ ಪಾಠ ಮುಗಿದ ಮೇಲೂ ನಾನು ಬೆಂಚು ಬಿಟ್ಟು ಏಳಲಿಲ್ಲ.

ದೊರೆಯ ಎದುರು ನಿಂತು ‘ಪಾದಧೂಳಿಯ ಅಡಿಯಲ್ಲಿ’ ಎಂಬರ್ಥದ ಆ ಉದ್ದನೆಯ ಸಂಬೋಧನೆಯನ್ನು ಬಳಸುವ ಸಂದರ್ಭ ನನಗೆ ಬರುವುದಿಲ್ಲ. ಬಾಯಿಗೆ ನಿಜವಾದ ಅಭ್ಯಾಸ ಕೊಟ್ಟದ್ದು ಓಣಿಯ ಕೊನೆಯ ಬೌದ್ಧ ವಿಹಾರ. ಭಿಕ್ಷುಗಳಿಗೂ ಬೇರೆಯೇ ಪದಗಳಿವೆ, ರಾಚಾಸಪ್‌ನ ಪಾಠದಲ್ಲಿ ಅವೂ ಸೇರುತ್ತವೆ. ಅವರು ಊಟ ಮಾಡಿದರೆ ‘ಛನ್’, ಮಲಗಿದರೆ ‘ಚಮ್ ವತ್’, ಅವರನ್ನು ಕರೆಯುವುದು ‘ನಿಮೊನ್’, ಅಂದರೆ ನಿಮಂತ್ರಣ. ಭಿಕ್ಷು ತನ್ನನ್ನು ‘ಆತ್ತಮಾ’ ಎಂದುಕೊಳ್ಳುತ್ತಾರೆ. ನಮ್ಮ ಮಠಗಳ ಸುತ್ತ ಬೆಳೆದವರಿಗೆ ಇದು ದೂರದ ಮಾತಲ್ಲ. ನಮ್ಮಲ್ಲೂ ಸ್ವಾಮಿಗಳು ಬರುವುದಿಲ್ಲ, ದಯಮಾಡಿಸುತ್ತಾರೆ. ಸಾಯುವುದಿಲ್ಲ, ಲಿಂಗೈಕ್ಯರಾಗುತ್ತಾರೆ ಇಲ್ಲವೆ ಬೃಂದಾವನಸ್ಥರಾಗುತ್ತಾರೆ. ಹೀಗೆ ಯೋಚಿಸತೊಡಗಿದ ಮೇಲೆ ಪಟ್ಟಿ ಉರುಹೊಡೆಯುವುದನ್ನು ಬಿಟ್ಟೆ.

ಎರಡನೆಯ ವರ್ಷದ ಮಳೆಗಾಲದಲ್ಲಿ ವಿಹಾರದ ಹಿರಿಯ ಭಿಕ್ಷು ನಾಲ್ಕು ದಿನ ಬೆಳಗಿನ ಭಿಕ್ಷೆಗೆ ಬರಲಿಲ್ಲ. ಅನ್ನದ ಪೊಟ್ಟಣ ಹಿಡಿದು ನಾನೇ ಹೋದೆ. ಅಂಗಳ ಗುಡಿಸುತ್ತಿದ್ದ ಎಳೆಯ ಸಾಮಣೇರನನ್ನು, ಅಂದರೆ ಇನ್ನೂ ಭಿಕ್ಷುವಾಗದ ಕಿರಿಯ ಶಿಷ್ಯನನ್ನು, ‘ಆಫಾತ್’ ಎಂಬ ಪದ ಬಳಸಿ ಕೇಳಿದೆ. ಪಾಲಿಯ ಆಬಾಧ ಅದು, ಭಿಕ್ಷುವಿನ ಕಾಯಿಲೆಗೆ ಸಲ್ಲುವ ಮಾತು. ಅಲ್ಲಿಯವರೆಗೆ ನನ್ನ ಮುಖ ನೋಡಿ ತುಂಡು ಮಾತಿನಲ್ಲಿ ಉತ್ತರಿಸುತ್ತಿದ್ದ ಹುಡುಗ ಪೊರಕೆ ಗೋಡೆಗೆ ಒರಗಿಸಿ, ಜ್ವರ ಬಂದದ್ದು, ಔಷಧ ಕೊಟ್ಟದ್ದು, ಇವತ್ತು ಒಂದಿಷ್ಟು ಗಂಜಿ ‘ಛನ್’ ಮಾಡಿದ್ದು, ಎಲ್ಲವನ್ನೂ ಓಣಿಯ ಹೆಂಗಸರಿಗೆ ಹೇಳುವ ಹಾಗೆಯೇ ಒಂದೇ ಉಸಿರಿನಲ್ಲಿ ಹೇಳಿದ.