ಇಸುಬಿಗೆ ನೂರು ಸಲ ತೊಳೆದ ತುಪ್ಪ

ಮನೆಯಲ್ಲಿ ಯಾರಿಗಾದರೂ ಹಳೆ ಇಸುಬು (ಎಕ್ಸಿಮಾ) ಇದ್ದರೆ, "ಕೆರ್ಕೋಬೇಡ" ಅಂತ ಬೈಯುವುದನ್ನು ಮೊದಲು ನಿಲ್ಲಿಸಿ. ನಿದ್ದೆಯಲ್ಲಿ ಕೈ ಯಾರ ಮಾತೂ ಕೇಳುವುದಿಲ್ಲ. ಅದರ ಬದಲು ಉಗುರು ಕತ್ತರಿಸಿ, ರಾತ್ರಿ ಆ ಜಾಗಕ್ಕೆ ತೆಳು ಹತ್ತಿ ಬಟ್ಟೆ ಸುತ್ತಿ.

ಆಯುರ್ವೇದದಲ್ಲಿ ಇದಕ್ಕೆ ವಿಚರ್ಚಿಕಾ ಅನ್ನುತ್ತಾರೆ. ಚರಕ ಸಂಹಿತೆಯ 18 ಬಗೆಯ ಕುಷ್ಠಗಳಲ್ಲಿ ಇದೂ ಒಂದು. ಹೆಸರು ಕೇಳಿ ಗಾಬರಿ ಬೇಡ, ಅಲ್ಲಿ ಕುಷ್ಠ ಅಂದರೆ ಚರ್ಮದ ಕಾಯಿಲೆ ಅಂತಷ್ಟೇ. ಇಸುಬು ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ.

ಬಿಸಿಬಿಸಿ ನೀರು ಸುರಿದುಕೊಂಡರೆ ತುರಿಕೆಗೆ ಹಾಯೆನಿಸುತ್ತದೆ, ಅಲ್ವಾ? ಆಮೇಲೆ ಅದೇ ತುರಿಕೆ ಜಾಸ್ತಿಯಾಗಿ ವಾಪಸ್ ಬರುತ್ತದೆ. ಉಗುರುಬೆಚ್ಚಗಿನ ನೀರು ಸಾಕು. ಮೈ ಉಜ್ಜದೆ ಒತ್ತಿ ಒರೆಸಿ. ಪಸೆ ಆರುವ ಮುಂಚೆಯೇ ಜಿಡ್ಡು ಹಚ್ಚಿ.

ಜಿಡ್ಡು ಅಂದರೆ ನನಗೆ ಶತಧೌತ ಘೃತ, ಅಂದರೆ ನೂರು ಸಲ ತೊಳೆದ ತುಪ್ಪವೇ ಇಷ್ಟ. ಅಗಲವಾದ ತಾಮ್ರದ ತಟ್ಟೆಗೆ ಸ್ವಲ್ಪ ಹಸುವಿನ ತುಪ್ಪ ಹಾಕಿ. ಶುದ್ಧ ತಣ್ಣೀರು ಸೇರಿಸಿ, ಅಂಗೈಯಿಂದ ತಿಕ್ಕಿ, ನೀರು ಬಸಿಯಿರಿ. ಮತ್ತೆ ಹೊಸ ನೀರು. ಹೀಗೆ ನೂರು ಸಲ! ರಟ್ಟೆ ಬಿದ್ದುಹೋಗುತ್ತದೆ, ಸುಳ್ಳು ಹೇಳುವುದಿಲ್ಲ. ಲೆಕ್ಕ ತಪ್ಪದಿರಲು ನಾನು ಹುಣಸೆ ಬೀಜ ಎಣಿಸಿ ಇಟ್ಟುಕೊಳ್ಳುತ್ತೇನೆ. ಕೊನೆಗೆ ತುಪ್ಪ ಬೆಳ್ಳಗೆ, ಬೆಣ್ಣೆಗಿಂತ ನುಣ್ಣಗೆ ಆಗುತ್ತದೆ, ವಾಸನೆಯೂ ಕಮ್ಮಿಯಾಗುತ್ತದೆ. ಅದರಲ್ಲಿ ನೀರಿನಂಶ ಉಳಿಯುವುದರಿಂದ ಸ್ವಲ್ಪ ಸ್ವಲ್ಪವೇ ಮಾಡಿ, ಒದ್ದೆ ಬೆರಳು ಅದ್ದಬೇಡಿ. ಇದು ಒಣಗಿ ಬಿರಿದ ಚರ್ಮಕ್ಕೆ ಮಾತ್ರ, ಸೋರುವ ಗಾಯಕ್ಕಲ್ಲ. ಅಷ್ಟು ಪುರುಸೊತ್ತಿಲ್ಲವೇ? ಕೊಬ್ಬರಿ ಎಣ್ಣೆ ಹಚ್ಚಿ. ಸಾಸಿವೆ ಎಣ್ಣೆ ಬೇಡ, ಉರಿ ಏಳುತ್ತದೆ. ಬೇವಿನ ಎಣ್ಣೆಯನ್ನೂ ಏನೂ ಬೆರೆಸದೆ ಹಾಗೇ ಹಚ್ಚಬಾರದು, ಮಕ್ಕಳಿಗೆ ಕುಡಿಸಲಂತೂ ಕೂಡದು. ಯಾವುದೇ ಆಗಲಿ, ಮೊದಲು ಮೊಣಕೈ ಒಳಬದಿಗೆ ಚೂರು ಹಚ್ಚಿ ಒಂದು ದಿನ ಕಾಯಿರಿ.

ಪಥ್ಯದಲ್ಲಿ ಹಾಲಿನ ಜೊತೆ ಮೀನನ್ನು ವಿರುದ್ಧಾಹಾರ, ಅಂದರೆ ಒಟ್ಟಿಗೆ ತಿನ್ನಬಾರದ ಆಹಾರ ಅನ್ನುತ್ತಾರೆ. ಪಾಲಿಸುವುದಾದರೆ ಪಾಲಿಸಿ. ಆದರೆ ಮಕ್ಕಳಿಗೆ ಹಾಲು, ಮೊಟ್ಟೆ ಎಲ್ಲ ಸುಮ್ನೆ ನಿಲ್ಲಿಸಿ ಸೊರಗಿಸಬೇಡಿ.

ಮಂಜಿಷ್ಠ ಎಂಬ ಬೇರಿನಂಥ, ಹೊಟ್ಟೆಗೆ ತೆಗೆದುಕೊಳ್ಳುವ ಔಷಧಿಯನ್ನು ಓದಿದ ವೈದ್ಯರು ನೋಡಿಯೇ ಕೊಡಬೇಕು. ಕೆಲವು ರಸೌಷಧಿಗಳಲ್ಲಿ (ಲೋಹ, ಖನಿಜ ಸೇರಿಸಿ ಮಾಡುವ ಆಯುರ್ವೇದ ಔಷಧಿ) ಪಾದರಸ, ಸೀಸ ಇರುತ್ತವೆ. ಹೆಸರಿಲ್ಲದ ಡಬ್ಬಿಯ ಮುಲಾಮು ಎರಡೇ ದಿನಕ್ಕೆ ಪವಾಡ ಮಾಡಿದರೆ ನನಗೆ ಅನುಮಾನ, ಒಳಗೆ ಸ್ಟಿರಾಯ್ಡ್ ಬೆರೆಸಿರಬಹುದು. ಡಾಕ್ಟರು ಕೊಟ್ಟ ಮುಲಾಮನ್ನು ಅವರನ್ನು ಕೇಳದೆ ಬಿಡಬೇಡಿ. ಕೀವು, ಹಳದಿ ಹಕ್ಕಳೆ, ಜ್ವರ ಕಂಡರೆ ತುಪ್ಪದ ತಟ್ಟೆ ಬದಿಗಿಟ್ಟು ಅವತ್ತೇ ಆಸ್ಪತ್ರೆಗೆ ಹೊರಡಿ.